ಒಬ್ಬರ ಅಡಿಗೆಯ ಅಳತೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ, ಊರು ಬಿಟ್ಟು ಬಂದು ಮುಂಬಯಿಯಲ್ಲಿ ಒಂಟಿಯಾಗಿರುವವರೇ ಬಹಳ. ರಾತ್ರಿಯ ಊಟವೇನೆಂದು ಕೇಳಿದರೆ, "ಚಹಾ-ಪಾವು ಆಯಿತು" ಎನ್ನುತ್ತಾರೆ. ಗಿರಣಿಯಲ್ಲಿ ಕಾರಕೂನರಾಗಿ ಸೇರಿದ ಹೊಸತರಲ್ಲಿ ನಾವೂ ಹೀಗೆಯೇ ಒಂದು ವರ್ಷ ಕಳೆದೆವು. ಕೊನೆಗೆ ಎರಡು ಮಾಳಿಗೆ ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು. ರಕ್ತದಲ್ಲಿ ಕಬ್ಬಿಣದ ಅಂಶ ಕುಗ್ಗಿದೆಯೆಂದು ವೈದ್ಯರು ಹೇಳಿದರು. ಊಟದಲ್ಲಿ ಉಳಿಸಿದ ಹಣವೆಲ್ಲ ಔಷಧಕ್ಕೆ ಹೋಯಿತು.

ಅಡಿಗೆ ಬಾರದೆಂಬುದು ನೆಪ, ಬಾರದಿರುವುದು ಅಳತೆ. ಮನೆಯಲ್ಲಿ ಎಂಟು ಜನರ ಪಾತ್ರೆ ಕಂಡವರು ನಾವು. ಒಬ್ಬರಿಗೆಂದು ಅನ್ನವಿಟ್ಟರೂ ಮೂವರಿಗಾಗುತ್ತದೆ. ಉಳಿದುದನ್ನು ರಾತ್ರಿಯೆಲ್ಲ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುತ್ತೇವೆ. ಇದು ತರವಲ್ಲ. ಅಕ್ಕಿಯಲ್ಲಿರುವ ಒಂದು ಬಗೆಯ ರೋಗಾಣುವಿನ ಬೀಜ ಕುದಿಸಿದರೂ ಸಾಯದು. ಸೆಕೆಯಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಕಾಯಿಸಿದರೂ ಆ ವಿಷ ಹೋಗದು. ಆದ್ದರಿಂದ ಅನ್ನ ಆ ಹೊತ್ತಿಗೆ ಬೇಕಾದಷ್ಟೇ ಸಾಕು.

ಬೇಳೆಯ ಮಾತು ಬೇರೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳಿಗ್ಗೆ ತೊಗರಿಬೇಳೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿರಿ. ಬೆಂದ ಬೇಳೆಯನ್ನು ಮೆಂತೆ ಸೊಪ್ಪಿನೊಡನೆ ಪಲ್ಯ ಮಾಡಿರಿ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ. ಭಾನುವಾರ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಸಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ, ಕೆಲಸದಿಂದ ಮರಳುವಷ್ಟರಲ್ಲಿ ಮೊಳಕೆ ಇಣುಕಿರುತ್ತದೆ. ಅದನ್ನು ಬೇಯಿಸಿ ಒಗ್ಗರಣೆ ಹಾಕಿದರೆ ಸೋಮವಾರದ ಚಿಂತೆ ತೀರಿತು. ಮಂಗಳವಾರಕ್ಕೆ ಮಡಕೆಕಾಳು ನೆನೆಸಿರಿ.

ಒಲೆ ಹಚ್ಚಲು ಮನಸ್ಸೇ ಇಲ್ಲದ ದಿನಕ್ಕೆ ರಾಗಿ ಅಂಬಲಿಯುಂಟು. ಹತ್ತು ನಿಮಿಷದ ಕೆಲಸ, ಮೇಲೆ ಮಜ್ಜಿಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದೆ. ಗಂಜಿಯೆಂದು ಮೂಗು ಮುರಿಯುವ ಗೆಳೆಯರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಬಹುಮಂದಿಯ ದುರಭ್ಯಾಸ, ಊಟವಾದೊಡನೆ ಚಹಾ. ಸೊಪ್ಪು-ಕಾಳುಗಳ ಕಬ್ಬಿಣವನ್ನು ಚಹಾ ಮೈಗೆ ಹತ್ತಗೊಡದು; ನಿಂಬೆರಸ ಹತ್ತಿಸುತ್ತದೆ. ವೈದ್ಯರು ಹೇಳಿದಂದಿನಿಂದ ನಮ್ಮ ಕೋಣೆಯಲ್ಲಿ ತಟ್ಟೆಯ ಬದಿಗೆ ನಿಂಬೆಯ ಹೋಳು ತಪ್ಪಿಲ್ಲ. ಚಹಾ ಮಾತ್ರ ನಾಲ್ಕು ಗಂಟೆಗೆ ಸರಿದಿದೆ.