ಬಿ12 ನಾರ್ಮಲ್ ಬಂದರೆ ನಿಶ್ಚಿಂತೆಯೇ?

ಕೈಕಾಲು ಜೋಮು ಹಿಡಿಯುತ್ತದೆಂದು ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ರಕ್ತ ಕೊಟ್ಟವರು, ರಿಪೋರ್ಟಿನಲ್ಲಿ ಬಿ12 ನಾರ್ಮಲ್ ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು.

ಬಿ12 ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ಅದನ್ನು ಹೊರುವ ಪ್ರೋಟೀನುಗಳು ಎರಡು: ಹ್ಯಾಪ್ಟೊಕೊರಿನ್ ಮತ್ತು ಟ್ರಾನ್ಸ್‌ಕೊಬಾಲಮಿನ್. ಶೇ. 70ರಿಂದ 80ರಷ್ಟು ಬಿ12 ಹ್ಯಾಪ್ಟೊಕೊರಿನ್ ಬಳಿ ಇರುತ್ತದೆ, ಆದರೆ ಮೈಯ ಬಹುತೇಕ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ದಕ್ಕುವುದು ಟ್ರಾನ್ಸ್‌ಕೊಬಾಲಮಿನ್ ಹೊತ್ತು ತರುವ ಉಳಿದ ಪಾಲು. ಮಾಮೂಲಿ ಟೆಸ್ಟು ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತದೆ, ಹಾಗಾಗಿ ಬಳಕೆಯ ಪಾಲು ತಗ್ಗಿದ್ದರೂ ಒಟ್ಟು ಅಂಕಿ ನಾರ್ಮಲ್ ಬರಬಹುದು. ಬಸುರಿಯರಲ್ಲಿ ಇನ್ನೊಂದು ಬಗೆ: ಹ್ಯಾಪ್ಟೊಕೊರಿನ್ ಪಾಲು ಇಳಿದು ಒಟ್ಟು ಅಂಕಿ ತಗ್ಗುತ್ತದೆ, ಬಳಕೆಯ ಪಾಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದ್ದರಿಂದ ಅಂಕಿಗೂ ಲಕ್ಷಣಕ್ಕೂ ತಾಳೆಯಾಗದಿದ್ದರೆ 'ಆಕ್ಟಿವ್ ಬಿ12' ಟೆಸ್ಟು ಬೇಕೇ ಎಂದು ಡಾಕ್ಟರನ್ನು ಕೇಳಿ. ಟ್ರಾನ್ಸ್‌ಕೊಬಾಲಮಿನ್ ಹೊತ್ತ ಪಾಲನ್ನಷ್ಟೇ ಅದು ಅಳೆಯುತ್ತದೆ.

ಮುದ್ದೆ, ಸೊಪ್ಪಿನ ಸಾರು ಉಂಡವರಿಗೆ ಯಾವ ಕೊರತೆಯೂ ಬಾರದೆಂಬ ಮಾತೂ ನಮ್ಮ ಕಡೆ ಇದೆ. ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಸೊಪ್ಪಿನಲ್ಲೂ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ.

ವಿಟಮಿನ್ ಹೊರುವ ಇಂಥ ಪ್ರೋಟೀನುಗಳ ಅಧ್ಯಯನ ಹೊರದೇಶದವರ ವಿದ್ಯೆ ಎಂದುಕೊಂಡವರೂ ಇದ್ದಾರೆ. ತುಮಕೂರಿನಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ಆರ್. ಅಡಿಗರು ಬಿ2 ಅಂದರೆ ರೈಬೊಫ್ಲೇವಿನ್ ಹೊರುವ ಪ್ರೋಟೀನನ್ನು ವರ್ಷಗಟ್ಟಲೆ ಶೋಧಿಸಿದರು. ಕೋಳಿಮೊಟ್ಟೆಯಿಂದ ಬೇರ್ಪಡಿಸಿದ ಈ ಪ್ರೋಟೀನಿನ ವಿರುದ್ಧ ತಯಾರಾದ ಆಂಟಿಬಾಡಿ, ಬಸುರಿಯರ ರಕ್ತದಲ್ಲಿರುವ ಅದರ ಬಂಧುವನ್ನೂ ಗುರುತಿಸಿತು! ಸ್ತನ ಕ್ಯಾನ್ಸರ್ ಇರುವ ಮಹಿಳೆಯರ ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿರುತ್ತದೆಂದು ಅದೇ ಬಳಗ 2001ರಲ್ಲಿ ಪ್ರಕಟಿಸಿತು. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕಾದ ಕೆಲಸ ಇದು.

'ಆಕ್ಟಿವ್ ಬಿ12'ನಂಥ ಟೆಸ್ಟುಗಳಲ್ಲಿ ಬಳಸುವ ಇಮ್ಯುನೊ ಅಸ್ಸೇ ಎಂಬ ವಿಧಾನ ನಡೆಯುವುದೇ ಹೀಗೆ, ಆಂಟಿಬಾಡಿಯ ಗುರುತು ಹಿಡಿಯುವ ಶಕ್ತಿಯಿಂದ. ಟ್ಯೂಬಿನ ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಮೇಲೆ ನಿಲ್ಲುವ ಹಳದಿ ಸೀರಮ್‌ನಲ್ಲಿ ಆಂಟಿಬಾಡಿ ತನ್ನ ಗುರಿಯನ್ನು ಹಿಡಿಯುತ್ತದೆ, ಅದಕ್ಕೆ ಅಂಟಿಸಿದ ವಸ್ತು ಹೊಮ್ಮಿಸುವ ಬೆಳಕನ್ನು ಯಂತ್ರ ಅಳೆಯುತ್ತದೆ.

"ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಮಾತ್ರೆಗೂ ರಕ್ತದ ಟೆಸ್ಟಿಗೂ ಏನು ಸಂಬಂಧ?" ಇದೇ ಎಲ್ಲಕ್ಕಿಂತ ಅಪಾಯದ ತಪ್ಪು. ಬಯೋಟಿನ್ ಎಂಬ ವಿಟಮಿನ್ ದಿನಕ್ಕೆ ಸುಮಾರು 30 ಮೈಕ್ರೊಗ್ರಾಂ ಸಾಕು. ಆ ಮಾತ್ರೆಗಳಲ್ಲಿ 5, 10 ಮಿಲಿಗ್ರಾಂ ಇರುತ್ತದೆ. ಹಲವು ಯಂತ್ರಗಳಲ್ಲಿ ಆಂಟಿಬಾಡಿಯನ್ನು ಹಿಡಿದು ನಿಲ್ಲಿಸುವುದೇ ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ನಂಟು. ರಕ್ತದಲ್ಲಿ ತುಂಬಿದ ಬಯೋಟಿನ್ ಆ ಜಾಗ ಕಬಳಿಸಿದರೆ ಬಿ12, ವಿಟಮಿನ್ ಡಿ ಇಲ್ಲದಿದ್ದರೂ ಇದ್ದಂತೆ ಕಾಣಬಹುದು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಸುಳ್ಳಾಗಿ ಕಡಿಮೆ ಬರಬಹುದು. ಅಮೆರಿಕದ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಸಿತು. ರಕ್ತ ಕೊಡುವ ಮುನ್ನ ಮಾತ್ರೆಯ ಸ್ಟ್ರಿಪ್ಪನ್ನು ಡಾಕ್ಟರಿಗೂ ಲ್ಯಾಬಿನವರಿಗೂ ತೋರಿಸಿ, ಎಷ್ಟು ದಿನ ನಿಲ್ಲಿಸಬೇಕೆಂದು ಅವರನ್ನೇ ಕೇಳಿ.