ನಿದ್ರಾನಾಶವೂ ಸರ್ಪಗಂಧಿಯೂ: ಚಿಕಿತ್ಸೆಯ ಆಯ್ಕೆಯ ಒಂದು ಚಾರಿತ್ರಿಕ ವಿವೇಚನೆ

ಶಿರಸಿ ತಾಲೂಕಿನ ಎಕ್ಕಂಬಿಯಂತಹ ಗ್ರಾಮದಲ್ಲಿ ತಿಂಗಳುಗಟ್ಟಲೆ ನಿದ್ರೆ ಬಾರದವನ ಮುಂದೆ ಎರಡು ದಾರಿಗಳಿರುತ್ತವೆ: ಒಂದು ಬೇರು-ನಾರುಗಳ ನಾಟಿವೈದ್ಯ, ಇನ್ನೊಂದು ಶಿರಸಿಯ ಅಥವಾ ಹುಬ್ಬಳ್ಳಿಯ ಡಾಕ್ಟರರ ಗುಳಿಗೆ. ಮೊದಲನೆಯದು ನಿರಪಾಯ, ಎರಡನೆಯದು ಉಗ್ರ ಎಂಬ ನಂಬಿಕೆ ಹಲವರಲ್ಲಿದೆ. ಇದಕ್ಕೆ ಇತಿಹಾಸದ ಆಧಾರವೆಷ್ಟೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸರ್ಪಗಂಧಿಯ ಚರಿತ್ರೆ ಇಲ್ಲಿ ಉತ್ತಮ ನಿದರ್ಶನವಾಗಿದೆ. ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಈ ಗಿಡದ ಬೇರನ್ನು ಹಾವಿನ ಕಡಿತಕ್ಕೂ, ಬಿಹಾರ-ಬಂಗಾಳಗಳ ಕಡೆ ಉನ್ಮಾದಕ್ಕೂ ನಿದ್ರಾನಾಶಕ್ಕೂ ಬಳಸುತ್ತಿದ್ದರು. ಅದು ಉನ್ಮಾದವನ್ನೂ ರಕ್ತದೊತ್ತಡವನ್ನೂ ಶಮನಗೊಳಿಸುವುದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನದಿಂದ ಅದು ಪಾಶ್ಚಾತ್ಯ ವೈದ್ಯರ ಗಮನವನ್ನು ಸೆಳೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಹೀಗೆ ಹಳ್ಳಿಯ ಬೇರು ಔಷಧಾಲಯದ ಗುಳಿಗೆಯಾಯಿತು. ಬಳಕೆ ಹಬ್ಬಿದಂತೆ, ಸೇವಿಸಿದವರಲ್ಲಿ ಕೆಲವರಿಗೆ ಖಿನ್ನತೆ ತಲೆದೋರಿತೆಂಬ ವರದಿಗಳು ಬಂದವು. ಮನೋರೋಗಗಳಲ್ಲಿ ಅದರ ಬಳಕೆ ಕ್ರಮೇಣ ಹಿಂದೆ ಸರಿಯಿತು. ಆದರೆ ರೆಸರ್ಪಿನ್ ಕಾರ್ಖಾನೆಯಲ್ಲಿ ಹುಟ್ಟಿದುದಲ್ಲ, ಬೇರಿನಲ್ಲಿಯೇ ಇದ್ದುದು. ಗುಳಿಗೆಯಲ್ಲಿ ಅದರ ಪ್ರಮಾಣ ಗೊತ್ತಿರುತ್ತದೆ. ಬೇರಿನ ಪುಡಿಯಲ್ಲಿ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆ.

ಇನ್ನು ಗುಳಿಗೆಗಳ ಚರಿತ್ರೆಯೂ ನಿಷ್ಕಳಂಕವಲ್ಲ. 1903ರಲ್ಲಿ ಬಂದ ಬಾರ್ಬಿಟಾಲ್ ಮತ್ತು ಅದರ ವರ್ಗದ ಔಷಧಗಳು ಚಟವನ್ನು ಹತ್ತಿಸಿದವು. ಪ್ರಮಾಣ ಮೀರಿದಾಗ ಪ್ರಾಣವನ್ನೂ ತೆಗೆದವು. 1960ರಿಂದೀಚೆಗೆ ಬಂದ ಬೆಂಜೊಡಯಜೆಪಿನ್‌ಗಳು ಅವುಗಳಿಗಿಂತ ಸುರಕ್ಷಿತವಾದರೂ ದೀರ್ಘಕಾಲದ ಬಳಕೆಯಿಂದ ಅವಲಂಬನೆಯನ್ನುಂಟುಮಾಡುತ್ತವೆ.

ಹಾಗಾದರೆ ಆಯ್ಕೆಯ ಮಾನದಂಡ ಯಾವುದು? ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ನಿದ್ರಾನಾಶಕ್ಕೆ ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾಯು ಎಂಬ ಕಾರಣಗಳನ್ನು ಹೇಳುತ್ತದೆ. ಅಭ್ಯಂಗ, ಹಾಲು, ಸುಖಶಯ್ಯೆ, ಮನಸ್ಸಿನ ನೆಮ್ಮದಿ, ಉಚಿತಕಾಲಗಳನ್ನು ಉಪಾಯಗಳಾಗಿ ವಿಧಿಸುತ್ತದೆ. ಆಧುನಿಕ ವೈದ್ಯವೂ ಮೊದಲು ಕಾರಣವನ್ನೇ ಅರಸುತ್ತದೆ. ವಾರಕ್ಕೆ 3 ರಾತ್ರಿಗಳಂತೆ 3 ತಿಂಗಳು ಮುಂದುವರಿದುದನ್ನು ದೀರ್ಘಕಾಲಿಕ ನಿದ್ರಾನಾಶವೆನ್ನುತ್ತಾರೆ. ಇದಕ್ಕೆ ಗುಳಿಗೆಯಲ್ಲ, ಮನೋಭಾವ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯೇ ಮೊದಲನೆಯದಾಗಬೇಕೆಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಶಿಫಾರಸು ಮಾಡಿತು. ನಿಯತವಾದ ಹೊತ್ತಿಗೆ ಏಳುವುದು, ನಿದ್ರೆ ಬಾರದಿದ್ದರೆ ಹಾಸಿಗೆಯನ್ನು ಬಿಟ್ಟೇಳುವುದು, ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಮಿತಗೊಳಿಸುವುದು ಇದರ ಮುಖ್ಯ ಅಂಗಗಳು. ಚರಕನ ಉಪಾಯಗಳೆಲ್ಲವೂ ಇಂತಹ ಪರೀಕ್ಷೆಗೊಳಪಟ್ಟಿವೆಯೆಂದಲ್ಲ. ಆದರೆ ಕಾರಣವನ್ನು ವಿಚಾರಿಸಬೇಕೆಂಬುದರಲ್ಲಿ ಎರಡೂ ಪರಂಪರೆಗಳು ಒಂದೇ.

ಆದುದರಿಂದ "ದೇಶೀಯವೋ ವಿದೇಶೀಯವೋ" ಎಂಬ ಪ್ರಶ್ನೆಯನ್ನು ಬಿಟ್ಟು, ಕಾರಣವೇನು, ಗುಣವನ್ನು ಪರೀಕ್ಷಿಸಿ ನೋಡಿದೆಯೇ, ಪ್ರಮಾಣವೆಷ್ಟು, ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆಗಳನ್ನು ಎರಡು ಕಡೆಯೂ ಕೇಳತಕ್ಕದ್ದು. ಗೊರಕೆಯೊಡನೆ ಉಸಿರು ಕಟ್ಟುವುದು, ಖಿನ್ನತೆ, ಥೈರಾಯ್ಡ್ ದೋಷ ಮುಂತಾದವು ನಿದ್ರಾನಾಶದ ಹಿಂದೆ ಅಡಗಿರಬಹುದು. ಬೇರಿನ ಪುಡಿಯನ್ನು ಸೇವಿಸುತ್ತಿರುವವನು ಅದನ್ನು ಡಾಕ್ಟರರಿಂದ ಮರೆಮಾಚಬಾರದು. ಬಹುಕಾಲ ಸೇವಿಸಿದ ಗುಳಿಗೆಯನ್ನು ಅವರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಲೂಬಾರದು.