ಗುಂಟೆಯ ಲೆಕ್ಕವೂ ದಶಮಾಂಶದ ಬಿಂದುವೂ

ನಮ್ಮ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುವ ಪದ್ಧತಿ ಇಂದಿಗೂ ಉಳಿದುಕೊಂಡು ಬಂದಿದೆ. ರೂಪಾಯಿಗೆ ನೂರು ಪೈಸೆಯ ಲೆಕ್ಕ 1957ರಲ್ಲಿಯೇ ಜಾರಿಗೆ ಬಂದು ಆಣೆ ನಾಣ್ಯಗಳು ಮರೆಯಾದವು. ಭೂಮಿಯ ಆಣೆ ಮಾತ್ರ ಹೋಗಲಿಲ್ಲ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇದು ರೈತ ಬಾಂಧವರಿಗೆಲ್ಲ ತಿಳಿದ ವಿಷಯವೇ. ಆದರೆ ಇದೇ ವಿಸ್ತೀರ್ಣವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಏರಿಸುವಾಗ ಅಥವಾ ಕ್ಯಾಲ್ಕುಲೇಟರಿನಲ್ಲಿ ಗುಣಿಸುವಾಗ ನಡೆಯುವ ಒಂದು ತಪ್ಪು ಗೊಬ್ಬರದ ಪ್ರಮಾಣವನ್ನೂ ಬೆಳೆವಿಮೆಯ ಅರ್ಜಿಯನ್ನೂ ಏರುಪೇರು ಮಾಡುತ್ತಿರುವುದು ಕಂಡುಬರುತ್ತದೆ.

ಪಹಣಿಯಲ್ಲಿ 2.15 ಎಂದು ಇದ್ದರೆ ಅದು 2 ಎಕರೆ 15 ಗುಂಟೆ. ಅಲ್ಲಿರುವ ಚುಕ್ಕೆ ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸಲು ಇಟ್ಟದ್ದೇ ಹೊರತು ದಶಮಾಂಶ ಬಿಂದುವಲ್ಲ. ಯಂತ್ರಕ್ಕೆ ಈ ಭೇದ ತಿಳಿಯದು. ಅದು 2.15 ಅನ್ನು ಎರಡು ಎಕರೆ ಮತ್ತು ಒಂದು ಎಕರೆಯ ನೂರರಲ್ಲಿ ಹದಿನೈದು ಪಾಲು ಎಂದೇ ತಿಳಿಯುತ್ತದೆ. ನೂರರಲ್ಲಿ 15 ಪಾಲು ಎಂದರೆ ಆರೇ ಗುಂಟೆ. ಹೀಗೆ ಒಂದೇ ಏಟಿಗೆ 9 ಗುಂಟೆ ಜಮೀನು ಕಾಗದದ ಮೇಲೆ ಕಾಣೆಯಾಗುತ್ತದೆ. ಸರಿಯಾದ ಲೆಕ್ಕದಲ್ಲಿ ಗುಂಟೆಯನ್ನು 40ರಿಂದ ಭಾಗಿಸಬೇಕು: 15ನ್ನು 40ರಿಂದ ಭಾಗಿಸಿದರೆ 0.375. ಆದುದರಿಂದ ಜಮೀನು 2.375 ಎಕರೆ.

ಇದರಿಂದ ಆಗುವ ವ್ಯತ್ಯಾಸವೆಷ್ಟು ಎಂಬುದನ್ನು ನೋಡೋಣ. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕಿ.ಗ್ರಾಂ. ಸಾರಜನಕ ಕೊಡಬೇಕಾಗಿದೆ ಎಂದಿಟ್ಟುಕೊಳ್ಳಿ. ಒಂದು ಎಕರೆ ಎಂದರೆ 0.4047 ಹೆಕ್ಟೇರು, ಆದ್ದರಿಂದ ಎಕರೆಗೆ 40.47 ಕಿ.ಗ್ರಾಂ. ಆಯಿತು. 2.375 ಎಕರೆಗೆ 96.1 ಕಿ.ಗ್ರಾಂ. ಸಾರಜನಕ ಬೇಕು. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕ ಇರುವುದರಿಂದ, ಪೂರ್ತಿಯನ್ನು ಯೂರಿಯಾ ರೂಪದಲ್ಲಿಯೇ ಕೊಟ್ಟರೆ 209 ಕಿ.ಗ್ರಾಂ. ಬೇಕಾಗುತ್ತದೆ. ತಪ್ಪಾಗಿ 2.15ರಿಂದ ಗುಣಿಸಿದವರಿಗೆ ಬರುವುದು 189 ಕಿ.ಗ್ರಾಂ. ಮಾತ್ರ. 20 ಕಿ.ಗ್ರಾಂ. ಕೊರತೆ! ಪೈರು ಹಳದಿಯಾದ ಮೇಲೆ ಬೀಜವನ್ನೋ ಗೊಬ್ಬರದ ಗುಣಮಟ್ಟವನ್ನೋ ದೂರುವವರು ಮೊದಲು ತಮ್ಮ ಗುಣಾಕಾರವನ್ನು ಒಮ್ಮೆ ನೋಡಿಕೊಳ್ಳುವುದು ಲೇಸು. (ರಂಜಕಕ್ಕಾಗಿ ಡಿ.ಎ.ಪಿ. ಹಾಕುವವರು 50 ಕಿ.ಗ್ರಾಂ. ಚೀಲವೊಂದರಲ್ಲಿ 9 ಕಿ.ಗ್ರಾಂ. ಸಾರಜನಕವೂ ಇದೆ ಎಂಬುದನ್ನು ನೆನಪಿಟ್ಟು ಅಷ್ಟನ್ನು ಕಳೆಯಬೇಕು.)

ಕೂಡುವಾಗ ಇನ್ನೂ ಹೆಚ್ಚಿನ ತೊಂದರೆ. 1 ಎಕರೆ 30 ಗುಂಟೆಯ ಒಂದು ತಾಕು, 2 ಎಕರೆ 20 ಗುಂಟೆಯ ಇನ್ನೊಂದು ತಾಕು ಇವೆಯೆನ್ನಿ. 1.30 ಮತ್ತು 2.20 ಎಂದು ಬರೆದು ಕೂಡಿಸಿದರೆ ಯಂತ್ರ 3.50 ಎನ್ನುತ್ತದೆ. ಇದನ್ನು ಮೂರೂವರೆ ಎಕರೆ ಎಂದು ವಿಮೆಯ ಅರ್ಜಿಯಲ್ಲಿ ತುಂಬಿದರೆ 1.42 ಹೆಕ್ಟೇರು. ವಾಸ್ತವದಲ್ಲಿ ಎರಡೂ ತಾಕುಗಳು ಸೇರಿ 4 ಎಕರೆ 10 ಗುಂಟೆ, ಅಂದರೆ 1.72 ಹೆಕ್ಟೇರು. ಮೂವತ್ತು ಗುಂಟೆಯ ಬೆಳೆ ವಿಮೆಯ ಹೊರಗೇ ಉಳಿದಂತಾಯಿತು. ವಿಮಾ ಮೊತ್ತವನ್ನು ಹೆಕ್ಟೇರಿನ ಲೆಕ್ಕದಲ್ಲಿ ಕಟ್ಟುವುದರಿಂದ ಬೆಳೆ ಹೋದ ವರ್ಷ ಈ ಅಂತರ ರೈತನ ಕೈಗೆ ಬರುವ ಹಣದಲ್ಲಿಯೇ ಕಾಣುತ್ತದೆ.

ಸ್ಪ್ರೆಡ್‌ಶೀಟಿನ ಸ್ವಭಾವದಿಂದ ಬರುವ ತೊಡಕುಗಳು ಬೇರೆ ಇವೆ. 2.30 ಎಂದು ಬರೆದರೆ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ಬಿಟ್ಟು 2.3 ಎಂದು ತೋರಿಸುತ್ತದೆ. ನೋಡಿದವರು 2 ಎಕರೆ 3 ಗುಂಟೆ ಎಂದು ಓದುತ್ತಾರೆ. ಚುಕ್ಕೆಯ ಬದಲು ಅಡ್ಡಗೆರೆ ಹಾಕಿ 2-10 ಎಂದು ಬರೆದರೆ ಅದನ್ನು ತಾರೀಖು ಎಂದು ಬಗೆಯುವುದೂ ಉಂಟು. ಆದ್ದರಿಂದ ಪಟ್ಟಿ ತಯಾರಿಸುವ ವಿಸ್ತರಣಾ ಕಾರ್ಯಕರ್ತರು ಎಕರೆಗೆ ಒಂದು ಕಂಬಸಾಲು, ಗುಂಟೆಗೆ ಇನ್ನೊಂದು ಕಂಬಸಾಲು ಇಡಬೇಕು. ಮೂರನೆಯದರಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರ ಬರೆದು, ಮುಂದಿನ ಎಲ್ಲ ಗುಣಾಕಾರವನ್ನೂ ಅದರಿಂದಲೇ ಮಾಡಬೇಕು. ಗುಂಟೆಯ ಸಾಲಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಕಂಡರೆ ತಪ್ಪು ನುಸುಳಿದೆ ಎಂದೇ ಅರ್ಥ. ಬಾಯಿಲೆಕ್ಕಕ್ಕೆ ಒಂದು ಗುಂಟೆ 0.025 ಎಕರೆ ಎಂಬುದೊಂದೇ ಸಾಕು. 10 ಗುಂಟೆಗೆ ಕಾಲು ಎಕರೆ, 20ಕ್ಕೆ ಅರ್ಧ, 30ಕ್ಕೆ ಮುಕ್ಕಾಲು.

ಸಿಂಪರಣೆಯಲ್ಲಿ ಬಿಂದು ಜಾರಿದರೆ ಪರಿಣಾಮ ಹತ್ತು ಪಟ್ಟು. ಸತುವಿನ ಕೊರತೆಗೆ ಶೇ. 0.5ರ ಸತುವಿನ ಸಲ್ಫೇಟ್ ದ್ರಾವಣ ಎಂದರೆ ಲೀಟರಿಗೆ 5 ಗ್ರಾಂ., 0.5 ಗ್ರಾಂ. ಅಲ್ಲ. 16 ಲೀಟರಿನ ಸಿಂಪರಣಾ ಡಬ್ಬಿಗೆ 80 ಗ್ರಾಂ. ಬೇಕು, ಜೊತೆಗೆ ಅದರ ಅರ್ಧದಷ್ಟು ಸುಣ್ಣ. ಕೀಟನಾಶಕದ ಚೀಟಿಯಲ್ಲಿ ಲೀಟರಿಗೆ 0.5 ಮಿ.ಲೀ. ಎಂದಿದ್ದರೆ ಅದೇ ಡಬ್ಬಿಗೆ 8 ಮಿ.ಲೀ. ಮಾತ್ರ. ಚೀಟಿ ಬರೆಯುವವರು ಬರೀ .5 ಎಂದು ಗೀಚದೆ ಬಿಂದುವಿನ ಮುಂದೆ ಸೊನ್ನೆ ಇಟ್ಟೇ ಬರೆಯಬೇಕು. ಚುಕ್ಕೆ ಮಾಸಿದರೆ ಅದು 5 ಆಗಿಬಿಡುತ್ತದೆ. ಡಬ್ಬಿಗೆ 80 ಮಿ.ಲೀ. ವಿಷ ಬೀಳುತ್ತದೆ.

ಎಷ್ಟು ದಶಮಾಂಶ ಸ್ಥಾನಗಳನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಎಕರೆಯ ಲೆಕ್ಕಕ್ಕೆ ಮೂರು ಸ್ಥಾನ ಬೇಕು, ಇಲ್ಲವಾದರೆ ಒಂದು ಗುಂಟೆಯೂ ನಿಲ್ಲದು. ಗೊಬ್ಬರವನ್ನು 208.95 ಕಿ.ಗ್ರಾಂ. ಎಂದು ಬರೆಯುವುದು ಮಾತ್ರ ವೃಥಾ ಶ್ರಮ. ಹೊಲದ ಬದುವಿನಲ್ಲಿ ಅಷ್ಟು ಸೂಕ್ಷ್ಮವಾಗಿ ತೂಗುವವರು ಯಾರು? ಆದರೆ ಅಂಕಿಯನ್ನು ದುಂಡಗೆ ಮಾಡುವ ಕೆಲಸ ಕೊನೆಗಿರಲಿ. ಈಗ ಯೂರಿಯಾ ಚೀಲದ ತೂಕ 45 ಕಿ.ಗ್ರಾಂ. ಇರುವುದರಿಂದ 209 ಕಿ.ಗ್ರಾಂ.ಗೆ 4.64 ಚೀಲ. ದಶಮಾಂಶ ಸ್ಥಾನ ಬೇಡವೆಂದರೆ ಪರದೆಯ ಮೇಲೆ 5 ಎಂದು ಕಾಣುತ್ತದೆ, ಒಳಗಿನ ಬೆಲೆ 4.64 ಆಗಿಯೇ ಉಳಿದಿರುತ್ತದೆ. ಐದು ಚೀಲ ತರುವುದು ಸರಿಯೇ, ಐದನ್ನೂ ಎರಚುವುದು ಸರಿಯಲ್ಲ. ನಾಟಿಯ ಸಮಯಕ್ಕೆ ಅರ್ಧ, ಅಂದರೆ 105 ಕಿ.ಗ್ರಾಂ.; ತೆಂಡೆ ಒಡೆಯುವಾಗ 52, ತೆನೆ ಮೂಡುವ ಹಂತದಲ್ಲಿ 52. ಐದನೆಯ ಚೀಲದಲ್ಲಿ ಉಳಿಯುವ 16 ಕಿ.ಗ್ರಾಂ. ಅನ್ನು ಬಾಯಿ ಬಿಗಿದು ಕಟ್ಟಿ ತೇವವಿಲ್ಲದ ಕಡೆ ಇಟ್ಟುಕೊಂಡರೆ ಮುಂದಿನ ಬೆಳೆಗೆ ಒದಗುತ್ತದೆ.